ರುವಾನ್ ಲಿಂಗ್‌ಯು ಸಿನಿಮಾ ನೋಡುವುದು ಹೇಗೆ?

ರುವಾನ್ ಚೀನಾದ ಮೂಕಿ ಚಿತ್ರಗಳ ನಟಿ. ಮೊದಲು ಆಕೆಯ 1934ರ ‘ದಿ ಗಾಡೆಸ್’ ಹಾಕಿಕೊಳ್ಳಿ. ಮೂಕಿ ಚಿತ್ರ. ನಾನಂತೂ ಸೌಂಡ್ ಬಂದ್ ಮಾಡಿಯೇ ನೋಡುತ್ತೇನೆ. ಆಮೇಲೆ ಸೇರಿಸಿದ ಸಂಗೀತ ಎಲ್ಲಿ ಅಳಬೇಕೆಂದು ನಮಗೆ ಪಾಠ ಹೇಳುತ್ತದೆ, ಅದು ಬೇಡ.

ಮುಖ ಬಿಟ್ಟು ಭುಜ, ನಡಿಗೆ ಗಮನಿಸಿ. ಮಗುವನ್ನು ಎತ್ತಿಕೊಂಡಾಗ ಒಂದು ಬಗೆ, ಶಾಂಘೈ ಬೀದಿಯಲ್ಲಿ ರಾತ್ರಿ ಗಿರಾಕಿಗೆ ಕಾಯುವಾಗ ಇನ್ನೊಂದು. ಈ ವ್ಯತ್ಯಾಸ ಹಿಡಿಯಲು ನನಗೆ ಮೂರು ಸಲ ಬೇಕಾಯಿತು.

ನಡುವೆ ಆಕೆಯ ಬದುಕು ತಿಳಿದುಕೊಳ್ಳಿ: ಹುಟ್ಟಿದ್ದು 1910, ಶಾಂಘೈ. ಅಪ್ಪ ಬೇಗ ತೀರಿಕೊಂಡರು, ಅಮ್ಮ ಮನೆಗೆಲಸ ಮಾಡಿ ಸಾಕಿದರು.

‘ನ್ಯೂ ವಿಮೆನ್’ ಕೊನೆಗಿರಲಿ. ಅದರಲ್ಲಿ ಪತ್ರಿಕೆಗಳ ಚಾಡಿಗೆ ನಲುಗಿ ಸಾಯುವ ಹೆಣ್ಣಿನ ಪಾತ್ರ. ಬಿಡುಗಡೆಯಾದ ಕೆಲವೇ ವಾರಗಳಲ್ಲಿ, 1935ರ ಮಾರ್ಚ್ 8ರಂದು, ಆಕೆಯೂ ಹೋದರು, ವಯಸ್ಸು 24. ರಾತ್ರಿ ಒಬ್ಬರೇ ನೋಡಬೇಡಿ. ನಾನು ನೋಡಿ ನಿದ್ದೆಗೆಟ್ಟಿದ್ದೆ.