ಗಣಿಯ ಕಾರ್ಬೈಡ್ ದೀಪ: ಬಿಚ್ಚಿ ಜೋಡಿಸಿದವನ ಅನುಭವ

ಗಣಿ ಕಾರ್ಮಿಕರು ಟೋಪಿಯ ಮುಂಭಾಗಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಹಿತ್ತಾಳೆಯ ಕಾರ್ಬೈಡ್ ದೀಪಗಳನ್ನು ಕೊಂಡು, ಬಿಚ್ಚಿ, ತೊಳೆದು, ಮತ್ತೆ ಉರಿಯುವಂತೆ ಮಾಡುವುದು ಹಲವು ವರ್ಷಗಳಿಂದ ನನ್ನ ಹವ್ಯಾಸ. ನಾನು ನೆಲೆಸಿರುವುದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. ಕಲ್ಲಿದ್ದಲ ಊರುಗಳ ಮನೆಯ ಅಟ್ಟಗಳಿಂದ ಇಳಿದು ಬಂದ ಇಂಥ ದೀಪಗಳು ಇಲ್ಲಿನ ಹಳೆಯ ಸಾಮಾನಿನ ಸಂತೆಗಳಲ್ಲಿ ಕಣ್ಣಿಗೆ ಬೀಳುತ್ತಲೇ ಇರುತ್ತವೆ. ಅವುಗಳಿಗೆ ಹೊಳಪು ಕೊಟ್ಟು ಗಾಜಿನ ಕಪಾಟಿನಲ್ಲಿ ಇಡುವ ಸಂಗ್ರಾಹಕರಿದ್ದಾರೆ. ನನಗಾದರೋ ದೀಪ ಉರಿಯಬೇಕು. ಉರಿಸಲು ಹೊರಟವನಿಗೆ ಬೇಗನೆ ತಿಳಿದುಬರುವ ಸಂಗತಿಯೊಂದಿದೆ: 1900ರಿಂದ ಮುಂದಿನ ಎರಡು ದಶಕಗಳಲ್ಲಿ ಈ ದೀಪದಲ್ಲಿ ಆದ ಸುಧಾರಣೆಗಳಲ್ಲಿ ಜ್ವಾಲೆಗೆ ಸಂಬಂಧಿಸಿದವು ಕಡಿಮೆ. ಬಹುಪಾಲು ಸುಧಾರಣೆಗಳು ನೀರಿನ ಹನಿಯನ್ನು ಹತೋಟಿಯಲ್ಲಿ ಇಡುವುದಕ್ಕಾಗಿ ಮತ್ತು ಸುಣ್ಣ ತಾನಿರಬೇಕಾದ ಜಾಗವನ್ನು ಬಿಟ್ಟು ಬೇರೆಲ್ಲೂ ಹೋಗದಂತೆ ತಡೆಯುವುದಕ್ಕಾಗಿ ಆದವು.

ನಮ್ಮವರಿಗೆ ಕಾರ್ಬೈಡ್ ಎಂದೊಡನೆ ನೆನಪಾಗುವುದು ಮಾವಿನಹಣ್ಣಿನ ಮಂಡಿ, ಇಲ್ಲವೆ ಗ್ಯಾಸ್ ವೆಲ್ಡಿಂಗ್ ಅಂಗಡಿ. ವಸ್ತು ಅದೇ. ಕ್ಯಾಲ್ಸಿಯಂ ಕಾರ್ಬೈಡ್ ಎಂಬ ಬೂದುಬಣ್ಣದ ಕಲ್ಲಿನ ಮೇಲೆ ನೀರು ಬಿದ್ದರೆ ಅಸಿಟಿಲೀನ್ ಅನಿಲ ಹೊರಟು, ಹಿಂದೆ ಸುಣ್ಣ ಉಳಿಯುತ್ತದೆ. ಲೆಕ್ಕದ ಪ್ರಕಾರ 64 ಗ್ರಾಂ ಕಾರ್ಬೈಡಿಗೆ 26 ಗ್ರಾಂ ಅಸಿಟಿಲೀನ್ ಸಿಗಬೇಕು. ಈ ಅನಿಲದಲ್ಲಿ ಇಂಗಾಲದ ಪಾಲು ಹೆಚ್ಚು. ಜ್ವಾಲೆಯೊಳಗೆ ಕಾದು ಬೆಳಗುವ ಇಂಗಾಲದ ಕಣಗಳಿಂದಲೇ ಅಷ್ಟು ಬಿಳಿಯ, ಪ್ರಖರವಾದ ಬೆಳಕು ಬರುತ್ತದೆ. ಇದನ್ನು ಪ್ರಯೋಗಶಾಲೆಯಲ್ಲಿ ಬಹಳ ಹಿಂದೆಯೇ ಬಲ್ಲವರಿದ್ದರು. ಆದರೆ 1892ರಲ್ಲಿ ಥಾಮಸ್ ವಿಲ್ಸನ್ ಉತ್ತರ ಕೆರೊಲಿನಾದ ಸ್ಪ್ರೇ ಎಂಬ ಊರಿನಲ್ಲಿ ವಿದ್ಯುತ್ ಕುಲುಮೆಯಿಂದ ಕಾರ್ಬೈಡ್ ತೆಗೆದ ಮೇಲೆಯೇ ಅದು ಪೇಟೆಯಲ್ಲಿ ಅಗ್ಗವಾಗಿ ದೊರೆಯತೊಡಗಿತು. ಮೊದಲು ಅದನ್ನು ಬಳಸಿಕೊಂಡದ್ದು ಸೈಕಲ್ ಮತ್ತು ಗಾಡಿಗಳ ದೀಪ. ಗಣಿಗೆ ಇಳಿದದ್ದು ಆಮೇಲೆ.

ಅಲ್ಲಿಯವರೆಗೆ ಗಣಿಯಲ್ಲಿದ್ದದ್ದು ಮೇಣದಬತ್ತಿ, ಇಲ್ಲವೆ ಕೊಕ್ಕಿನಲ್ಲಿ ಬತ್ತಿಯಿಟ್ಟು ಉರಿಸುವ ಪುಟ್ಟ ಎಣ್ಣೆದೀಪ. ಇಂಗ್ಲೆಂಡಿನ ಕಾರ್ನ್‌ವಾಲಿನ ಗಣಿಗಾರರು ಮೇಣದಬತ್ತಿಯನ್ನು ಜೇಡಿಮಣ್ಣಿನ ಮುದ್ದೆಯಿಂದ ಟೋಪಿಗೆ ಅಂಟಿಸಿಕೊಳ್ಳುತ್ತಿದ್ದರು. ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಮೂಲಕ ಕೋಲಾರದ ಚಿನ್ನದ ಗಣಿಗೆ ಬಂದವರಲ್ಲಿ ಇದೇ ಕಾರ್ನ್‌ವಾಲಿನವರು ಅನೇಕರಿದ್ದರು ಎಂಬುದನ್ನು ಕೆಜಿಎಫ್‌ನ ಚರಿತ್ರೆ ಓದಿದವರು ಬಲ್ಲರು. ಎಣ್ಣೆದೀಪದ ಮಸಿ ಮೂಗಿಗೆ, ಎಣ್ಣೆ ಬಟ್ಟೆಗೆ. ಹಾಗಾಗಿ 1900ರ ಆಗಸ್ಟ್ 28ರಂದು ಫ್ರೆಡರಿಕ್ ಬಾಲ್ಡ್‌ವಿನ್ ನ್ಯೂಯಾರ್ಕಿನಲ್ಲಿ ತನ್ನ ಅಸಿಟಿಲೀನ್ ದೀಪಕ್ಕೆ ಪೇಟೆಂಟ್ ಪಡೆದಾಗ ಅದಕ್ಕಾಗಿ ಕಾಯುತ್ತಿದ್ದ ಜನ ಭೂಮಿಯ ಒಳಗೇ ಇದ್ದರು.

ಟೋಪಿ ದೀಪದ ರಚನೆ ಕೇಳಲು ಸುಲಭ. ಮೇಲೆ ನೀರಿನ ಕೋಣೆ. ಕೆಳಗೆ ತಿರುಪಿನಿಂದ ಕೂಡುವ ಕಾರ್ಬೈಡಿನ ತಳಬಟ್ಟಲು. ನೀರಿನ ಕೋಣೆಯಿಂದ ಬಟ್ಟಲಿನ ನಡುವಿಗೆ ಇಳಿಯುವ ಒಂದು ಸಣ್ಣ ಕೊಳವೆ. ಹುಟ್ಟಿದ ಅನಿಲವನ್ನು ಮುಂಭಾಗದ ಬರ್ನರಿಗೆ ಒಯ್ಯುವ ಇನ್ನೊಂದು ಕೊಳವೆ. ಇಷ್ಟನ್ನೇ ಮಾಡಿಕೊಟ್ಟರೂ ದೀಪ ಉರಿಯುತ್ತದೆ. ಆದರೆ ಹತ್ತು ನಿಮಿಷ ಭುಗಿಲೆದ್ದು ಉರಿದು, ಆಮೇಲೆ ತಣ್ಣಗಾಗುತ್ತದೆ. ನೀರು ಹೆಚ್ಚಾದರೆ ಅನಿಲ ಉಕ್ಕಿ ಬಂದು ಕಾರ್ಬೈಡ್ ಕೆಸರಾಗುತ್ತದೆ, ಕಡಿಮೆಯಾದರೆ ಜ್ವಾಲೆ ಗುಬ್ಬಿಯ ಕೊಕ್ಕಿನಷ್ಟಾಗುತ್ತದೆ. ಕವಾಟ ಮುಚ್ಚಿದರೂ ಆಗಲೇ ನೆನೆದ ಕಾರ್ಬೈಡ್ ಸುಮ್ಮನಿರುವುದಿಲ್ಲ, ಇನ್ನೂ ಕೆಲವು ನಿಮಿಷ ಅನಿಲ ಕೊಡುತ್ತಲೇ ಇರುತ್ತದೆ.

ಬಾಲ್ಡ್‌ವಿನ್ನನ ಜಾಣ್ಮೆ ಇದ್ದದ್ದು ಇಲ್ಲಿ. ನೀರಿನ ಹರಿವು ತನ್ನನ್ನು ತಾನೇ ಹದಗೊಳಿಸಿಕೊಳ್ಳುವಂತೆ ಆತ ದೀಪವನ್ನು ರೂಪಿಸಿದ. ಓದಿದಾಗ ಇದು ನನಗೆ ಪೂರ್ತಿ ಮನದಟ್ಟಾಗಲಿಲ್ಲವಾದ್ದರಿಂದ ಕಾರ್ಬೈಡ್ ಇಲ್ಲದೆಯೇ ಪರೀಕ್ಷಿಸಿ ನೋಡಿದೆ. ಒಂದು ಹಳೆಯ ದೀಪದ ತಳಬಟ್ಟಲನ್ನು ತೆಗೆದು, ಆ ಜಾಗಕ್ಕೆ ರಬ್ಬರ್ ಬಳೆಯೊಂದಿಗೆ ಸಣ್ಣ ಗಾಜಿನ ಜಾಡಿಯನ್ನು ಒತ್ತಿ ಕಟ್ಟಿದೆ. ಬರ್ನರಿನ ಬಾಯಿಗೆ ರಬ್ಬರ್ ಕೊಳವೆ ಸಿಕ್ಕಿಸಿ, ಮೇಲೆ ನೀರು ತುಂಬಿ ಕವಾಟ ತೆರೆದೆ. ಜಾಡಿಯೊಳಗೆ ಹನಿಗಳು ಒಂದರ ಹಿಂದೊಂದು ಬೀಳತೊಡಗಿದವು. ಕೊಳವೆಯಲ್ಲಿ ಮೆಲ್ಲಗೆ ಊದಿದೊಡನೆ ಹನಿ ನಿಧಾನವಾಯಿತು, ಇನ್ನೂ ತುಸು ಊದಿದಾಗ ಕೊಳವೆಯ ತುದಿಯಲ್ಲಿ ಒಂದು ಹನಿ ಉಬ್ಬಿ, ಬೀಳದೆ ಅಲ್ಲೇ ನಿಂತಿತು. ಮತ್ತೂ ಊದಿದರೆ ಗಾಳಿ ಅದೇ ಕೊಳವೆಯಿಂದ ಮೇಲೇರಿ ನೀರಿನ ಕೋಣೆಯಲ್ಲಿ ಗುಳುಗುಳು ಎಂದಿತು. ಒಳಗಿನ ಒತ್ತಡ ಮೇಲಿನ ನೀರಿನ ಎತ್ತರವನ್ನು ಮೀರಿದೊಡನೆ ಹನಿ ನಿಲ್ಲುತ್ತದೆ, ಜ್ವಾಲೆ ಅನಿಲವನ್ನು ತಿಂದು ಒತ್ತಡ ಇಳಿದೊಡನೆ ಮತ್ತೆ ಬೀಳುತ್ತದೆ. ಟೋಪಿ ದೀಪದಲ್ಲಿ ಆ ನೀರಿನ ಎತ್ತರ ಬೆರಳೆಣಿಕೆಯ ಸೆಂಟಿಮೀಟರು ಮಾತ್ರ. ಆದ್ದರಿಂದ ಈ ದೀಪದೊಳಗೆ ದೊಡ್ಡ ಒತ್ತಡ ಕಟ್ಟಿಕೊಳ್ಳಲು ದಾರಿಯಿಲ್ಲ. ಬೇರೆ ಸುರಕ್ಷಾ ಕವಾಟವೂ ಬೇಕಿಲ್ಲ.

ಆದರೆ ಇದೆಲ್ಲ ನಡೆಯಬೇಕಾದರೆ ನೀರಿನ ಮುಚ್ಚಳದಲ್ಲಿರುವ ಸೂಜಿಮೊನೆಯಷ್ಟು ರಂಧ್ರ ತೆರೆದಿರಬೇಕು. ಅದು ಮುಚ್ಚಿಹೋದರೆ ಮೇಲಿನ ಕೋಣೆಗೆ ಗಾಳಿ ಸೇರದೆ ಹನಿ ಬೀಳುವುದೇ ನಿಲ್ಲುತ್ತದೆ. ಸಂತೆಯಿಂದ ತಂದ ದೀಪ ಉರಿಯದಿದ್ದರೆ ನಾನು ಮೊದಲು ನೋಡುವುದು ಈ ರಂಧ್ರವನ್ನೇ. ಅರ್ಧಕ್ಕರ್ಧ ದೀಪಗಳಲ್ಲಿ ಪಾಲಿಶ್ ಮಾಡಿದವರ ಪೇಸ್ಟ್ ಅದರಲ್ಲಿ ಗಟ್ಟಿಯಾಗಿ ಕುಳಿತಿರುತ್ತದೆ.

ಎರಡನೆಯ ತೊಡಕು ಸುಣ್ಣದ್ದು. ನೀರಿನ ಕೊಳವೆಯ ತುದಿ ಕಾರ್ಬೈಡಿನ ನಡುವೆಯೇ ಇರುವುದರಿಂದ ಅದರ ಸುತ್ತ ಸುಣ್ಣ ಹೆಪ್ಪುಗಟ್ಟಿ ಬಾಯಿ ಕಟ್ಟುತ್ತದೆ. ಇದಕ್ಕೆ ತಯಾರಕರು ಕಂಡುಕೊಂಡ ಉಪಾಯ ನನಗೆ ಇಡೀ ದೀಪದಲ್ಲೇ ಅತ್ಯಂತ ಮೆಚ್ಚುಗೆಯಾದದ್ದು. ನೀರಿನ ಕವಾಟವನ್ನು ತಿರುಗಿಸುವ ಮೇಲಿನ ಸನ್ನೆಗೆ, ಅಂದರೆ ಹಿಡಿಗೆ, ಒಂದು ತಂತಿಯನ್ನು ಜೋಡಿಸಿ, ಅದನ್ನು ಕೊಳವೆಯ ಉದ್ದಕ್ಕೂ ಇಳಿಬಿಟ್ಟರು. ನೀರು ಹೆಚ್ಚಿಸಲು ಸನ್ನೆಯನ್ನು ತಿರುಗಿಸಿದಾಗ ತಂತಿಯೂ ಅಲ್ಲಾಡಿ ತುದಿಯ ಸುಣ್ಣವನ್ನು ಕೆರೆದು ಹಾಕುತ್ತದೆ. ಕೈ ಕತ್ತಲಲ್ಲಿ ಮಾಡುವ ಒಂದೇ ಕೆಲಸ ಎರಡು ಕೆಲಸವಾಗುತ್ತದೆ. ಸನ್ನೆಗೆ ಹಲ್ಲುಗಳನ್ನು ಕೊಟ್ಟು, ಅದು ಒಂದೊಂದು ಹಂತದಲ್ಲಿ ಟಕ್ಕೆಂದು ಕೂರುವಂತೆ ಮಾಡಿದ್ದೂ ಇದೇ ಸಾಲಿನ ಸುಧಾರಣೆ. ದಪ್ಪ ಕೈಗವಸು ತೊಟ್ಟ ಬೆರಳಿಗೂ, ನೋಡಲಾಗದ ತಲೆಯ ಮೇಲಿನ ದೀಪಕ್ಕೂ ಅದು ಹೇಳಿ ಮಾಡಿಸಿದ್ದು. ನಾನು ದುರಸ್ತಿ ಮಾಡುವಾಗ ಈ ತಂತಿ ತುಕ್ಕು ಹಿಡಿದು ಮುರಿದಿದ್ದರೆ ಹಿತ್ತಾಳೆಯ ತಂತಿಯನ್ನೇ ಹಾಕುತ್ತೇನೆ. ತಾಮ್ರವನ್ನು ಹಾಕಬಾರದು. ಶುದ್ಧ ತಾಮ್ರದೊಡನೆ ಅಸಿಟಿಲೀನ್ ಸೇರಿ, ತಟ್ಟಿದರೆ ಸಿಡಿಯುವ ಸಂಯುಕ್ತವಾಗುತ್ತದೆ. ಹಿಂದಿನ ಮಾಲೀಕನೊಬ್ಬ ಅನಿಲದ ಕೊಳವೆಯನ್ನೇ ತಾಮ್ರದಲ್ಲಿ ಬದಲಿಸಿದ್ದ ದೀಪವೊಂದು ನನ್ನ ಕೈಗೆ ಬಂದಿತ್ತು. ಅದನ್ನು ಹಚ್ಚುವ ಮೊದಲೇ ಆ ತುಂಡನ್ನು ಕಿತ್ತು ಹಾಕಿದೆ.

ಮೂರನೆಯ ಸುಧಾರಣೆ ಫೆಲ್ಟ್, ಅಂದರೆ ನಾರನ್ನು ಒತ್ತಿ ಮಾಡಿದ ದಪ್ಪ ಬಟ್ಟೆ. ಕಾರ್ಬೈಡ್ ಮತ್ತು ನೀರು ಕೂಡಿದಾಗ ಹುಟ್ಟುವ ಶಾಖ ಸಣ್ಣದಲ್ಲ, ಪ್ರತಿ ಕಿಲೋಗೆ ಸುಮಾರು 2,000 ಕಿಲೋಜೂಲ್. ದೀಪ ಉರಿಯುವಾಗ ತಳಬಟ್ಟಲನ್ನು ಮುಟ್ಟಿದರೆ ಕೈ ಹಿಂದಕ್ಕೆ ಬರುತ್ತದೆ. ಆ ಬಿಸಿಗೆ ನೀರಿನ ಆವಿ, ಆವಿಯೊಡನೆ ನುಣುಪಾದ ಸುಣ್ಣದ ಪುಡಿ ಎದ್ದು ಅನಿಲದ ಹಾದಿಯಲ್ಲೇ ಬರ್ನರಿಗೆ ಹೋಗುತ್ತವೆ. ಇದನ್ನು ತಡೆಯಲು ಬಟ್ಟಲಿನ ಮೇಲ್ಭಾಗದಲ್ಲಿ ಉಣ್ಣೆಯ ಫೆಲ್ಟಿನ ಬಿಲ್ಲೆಯನ್ನು ತೂತುಗಳಿರುವ ತಗಡಿನಿಂದ ಅಥವಾ ಸ್ಪ್ರಿಂಗ್ ತಂತಿಯಿಂದ ಒತ್ತಿ ಹಿಡಿಸಿದರು. ಹೊಸ ಫೆಲ್ಟ್ ಕತ್ತರಿಸುವಾಗ ನಾನು ಅದನ್ನು ಜಾಗಕ್ಕಿಂತ ಒಂದು ಕೂದಲೆಳೆ ದೊಡ್ಡದಾಗಿಯೇ ಕತ್ತರಿಸುತ್ತೇನೆ, ಅಂಚಿನಲ್ಲಿ ಸಂದು ಉಳಿದರೆ ಅನಿಲ ಸುಲಭದ ದಾರಿಯನ್ನೇ ಹಿಡಿಯುತ್ತದೆ. ಕಾರ್ಖಾನೆಯಲ್ಲಿ ತಯಾರಾದ ಕೃತಕ ನಾರಿನ ಫೆಲ್ಟ್ ಈ ಶಾಖಕ್ಕೆ ಮುದುಡುತ್ತದೆ, ಉಣ್ಣೆಯದೇ ಆಗಬೇಕು.

ಬರ್ನರಿನ ತುದಿಯನ್ನು ಮಾಡುತ್ತಿದ್ದದ್ದು ಸ್ಟಿಯಟೈಟ್‌ನಿಂದ, ಅಂದರೆ ನಮ್ಮ ಬಳಪದ ಕಲ್ಲಿನ ಜಾತಿಯಿಂದ. ಬೇಲೂರು, ಹಳೇಬೀಡುಗಳ ಶಿಲ್ಪಿಗಳಿಗೆ ಒದಗಿದ ಗುಣವೇ ಇಲ್ಲೂ ಕೆಲಸಕ್ಕೆ ಬಂದಿದೆ: ಕೊರೆಯುವಾಗ ಮೆತ್ತಗೆ. ಕೊರೆದು ಸುಟ್ಟ ಮೇಲೆ ಅದು ಗಟ್ಟಿಯಾಗಿ, ಜ್ವಾಲೆಗೆ ಕರಗದೆ, ತುಕ್ಕು ಹಿಡಿಯದೆ ಉಳಿಯುತ್ತದೆ. ಮನೆಯ ದೀಪಗಳಲ್ಲಿ ಎರಡು ಧಾರೆಗಳು ಒಂದಕ್ಕೊಂದು ತಗಲಿ ಬೀಸಣಿಗೆಯಂಥ ಜ್ವಾಲೆಯಾಗುತ್ತಿದ್ದವು. ಟೋಪಿ ದೀಪಕ್ಕೆ ಒಂದೇ ರಂಧ್ರ. ಜ್ವಾಲೆ ಸಣ್ಣಗೆ, ನೇರವಾಗಿ ಮುಂದಕ್ಕೆ ಚಾಚುತ್ತದೆ. ಗಣಿಯ ಗಾಳಿಗೆ ಅದು ಅಷ್ಟು ಸುಲಭವಾಗಿ ಬಾಗುವುದಿಲ್ಲ. ರಂಧ್ರದಲ್ಲಿ ಮಸಿ ಕಟ್ಟಿದಾಗ ಜ್ವಾಲೆ ಓರೆಯಾಗುತ್ತದೆ. ಅದಕ್ಕೆಂದೇ ನವಿರಾದ ತಂತಿಯ ಕಡ್ಡಿಯನ್ನು ಕಾರ್ಮಿಕರು ಜೇಬಿನಲ್ಲಿ ಇಟ್ಟುಕೊಂಡಿರುತ್ತಿದ್ದರು. ನಾನು ಗಿಟಾರಿನ ಅತ್ಯಂತ ತೆಳುವಾದ ತಂತಿಯ ತುಂಡನ್ನು ಬಳಸುತ್ತೇನೆ. ಗುಂಡುಸೂಜಿ ತೂರಿಸಿದರೆ ರಂಧ್ರ ಹಿಗ್ಗಿ, ಆ ತುದಿ ಮತ್ತೆ ಎಂದೂ ಸರಿಯಾಗಿ ಉರಿಯುವುದಿಲ್ಲ.

ಉಳಿದವನ್ನು ಬೇಗ ಹೇಳಿಬಿಡಬಹುದು. ತಳಬಟ್ಟಲು ಕೂಡುವಲ್ಲಿ ರಬ್ಬರ್ ವಾಷರ್ ಬಂದದ್ದರಿಂದ ತಿರುಪಿನ ಸಂದಿನಲ್ಲಿ ಅನಿಲ ಸೋರಿ ಅಲ್ಲೇ ಹತ್ತಿಕೊಳ್ಳುವುದು ತಪ್ಪಿತು. ಹಳೆಯ ವಾಷರ್ ಯಾವಾಗಲೂ ಕಲ್ಲಾಗಿರುತ್ತದೆ, ಅದನ್ನು ಉಳಿಸಿಕೊಳ್ಳುವ ಆಸೆ ಬೇಡ. ಟೋಪಿಗೆ ಸಿಕ್ಕಿಸುವ ಕೊಂಡಿಯ ಜೊತೆಗೆ ಬೆನ್ನಿನಲ್ಲಿ ತಂತಿಯ ಊರುಗೋಲು ಬಂದು ದೀಪ ಮುಂದಕ್ಕೆ ಜೋಲುವುದು ನಿಂತಿತು. ಪ್ರತಿಫಲಕ ಮೊದಲು ಇರಲಿಲ್ಲ, ಇದ್ದರೂ ರೂಪಾಯಿ ಬಿಲ್ಲೆಯಷ್ಟು. ಆಮೇಲೆ ಅಂಗೈ ಅಗಲವಾಯಿತು. ಕಾರ್ಲ್ ಆವರ್ ಫಾನ್ ವೆಲ್ಸ್‌ಬಾಖ್ 1903ರಲ್ಲಿ ಪೇಟೆಂಟ್ ಪಡೆದ ಕಿಡಿಕಲ್ಲಿನ ಮಿಶ್ರಲೋಹ ಸಿಗತೊಡಗಿದ ಮೇಲೆ ಪ್ರತಿಫಲಕದ ಮೇಲೆಯೇ ಉಜ್ಜುವ ಚಕ್ರ ಕುಳಿತು, ಒದ್ದೆಯಾಗುವ ಬೆಂಕಿಪೊಟ್ಟಣದ ಕಾಟ ಮುಗಿಯಿತು. ಹಚ್ಚುವ ಕ್ರಮವೂ ಚೆಂದ: ಅಂಗೈಯಿಂದ ಪ್ರತಿಫಲಕವನ್ನು ಒಂದೆರಡು ಕ್ಷಣ ಮುಚ್ಚಿ, ಅನಿಲ ತುಂಬಿದ ಮೇಲೆ ಕೈಯನ್ನು ಪಕ್ಕಕ್ಕೆ ಎಳೆಯುತ್ತಲೇ ಚಕ್ರವನ್ನು ಉಜ್ಜಿದರೆ ‘ಪಟ್’ ಎಂದು ಹತ್ತಿಕೊಳ್ಳುತ್ತದೆ. ಷಿಕಾಗೋದ ಜಸ್ಟ್‌ರೈಟ್, ಯೂನಿವರ್ಸಲ್ ಕಂಪನಿಯ ಆಟೋಲೈಟ್, ಇಲಿನಾಯ್ಸಿನ ಸ್ಪ್ರಿಂಗ್‌ಫೀಲ್ಡಿನಲ್ಲಿ ತಯಾರಾದ ಗೈಸ್ ಡ್ರಾಪರ್, ಇಂಗ್ಲೆಂಡಿನ ಲೀಡ್ಸ್‌ನ ಪ್ರೀಮಿಯರ್, ಇವೆಲ್ಲವೂ ಇದೇ ಅಂಶಗಳನ್ನು ತಮ್ಮ ತಮ್ಮ ರೀತಿಯಲ್ಲಿ ಜೋಡಿಸಿದವು. ಬಳಸಲು ನನಗೆ ಹಿಡಿಸಿದ್ದು ಆಟೋಲೈಟ್. ಬಿಚ್ಚಿ ಕಲಿಯಲು ಹಿಂದಿನ ಕಾಲದ ಯಾವ ದೀಪವಾದರೂ ಸರಿ.

ಎಷ್ಟೇ ಸುಧಾರಿಸಿದರೂ ಇದು ತೆರೆದ ಜ್ವಾಲೆಯೇ. ಮೀಥೇನ್ ಅನಿಲ ಗಾಳಿಯಲ್ಲಿ 5ರಿಂದ 15 ಶೇಕಡಾ ಇರುವ ಕಲ್ಲಿದ್ದಲ ಗಣಿಯಲ್ಲಿ ಇಂಥ ದೀಪ ಸ್ಫೋಟಕ್ಕೆ ಕಿಡಿಯಾಗುತ್ತದೆ. ಬೆಂಕಿಯ ಭಯವೂ ಕಡಿಮೆಯದಲ್ಲ. 1909ರ ನವೆಂಬರ್ 13ರಂದು ಇಲಿನಾಯ್ಸಿನ ಚೆರಿ ಗಣಿಯಲ್ಲಿ ಸೀಮೆಎಣ್ಣೆಯ ಪಂಜಿನಿಂದ ಹೇಸರಗತ್ತೆಗಳ ಹುಲ್ಲಿಗೆ ಹತ್ತಿದ ಬೆಂಕಿ 259 ಜನರನ್ನು ಬಲಿ ತೆಗೆದುಕೊಂಡಿತು. ಕಾರ್ಬೈಡ್ ದೀಪಕ್ಕೆ ಇನ್ನೊಂದು ಸೂಕ್ಷ್ಮವಾದ ದೋಷವಿದೆ. ಗಾಳಿಯಲ್ಲಿ ಆಮ್ಲಜನಕ ಸುಮಾರು 16–17 ಶೇಕಡಾಕ್ಕೆ ಇಳಿದಾಗ ಮೇಣದಬತ್ತಿ ಆರಿ ಕಾರ್ಮಿಕನಿಗೆ ಎಚ್ಚರಿಕೆ ಕೊಡುತ್ತಿತ್ತು. ಅಸಿಟಿಲೀನ್ ಜ್ವಾಲೆ ಸುಮಾರು 12–13 ಶೇಕಡಾವರೆಗೂ ಉರಿಯುತ್ತದೆ. ದೀಪ ಉರಿಯುತ್ತಿದೆ ಎಂದು ನಂಬಿಕೊಂಡವನಿಗೆ ಅಷ್ಟು ಹೊತ್ತಿಗೆ ತಲೆ ಸುತ್ತುತ್ತಿರುತ್ತದೆ. 1910ರ ದಶಕದ ನಡುವೆ ಬ್ಯಾಟರಿಯ ಟೋಪಿ ದೀಪ ಬಂದ ಮೇಲೆ ಅನಿಲವಿರುವ ಗಣಿಗಳು ಅತ್ತ ತಿರುಗಿದವು. ಅನಿಲವಿಲ್ಲದ ಗಣಿಗಳಲ್ಲೂ ಗುಹೆ ಸುತ್ತುವವರಲ್ಲೂ ಕಾರ್ಬೈಡ್ ದೀಪ ಇನ್ನೂ ಹಲವು ದಶಕ ಬಾಳಿತು.

ನಾನು ಉರಿಸುವುದು ಅಂಗಳದಲ್ಲಿ, ಗಾಳಿಯಾಡುವಲ್ಲಿ ಮಾತ್ರ. ತಳಬಟ್ಟಲಿಗೆ ಅರ್ಧದಷ್ಟು ಕಾರ್ಬೈಡ್ ಹಾಕುತ್ತೇನೆ. ಸುಣ್ಣವಾದಾಗ ಅದು ಉಬ್ಬಿಕೊಳ್ಳುವುದರಿಂದ ಮೇಲೆ ಜಾಗ ಬೇಕು. ಕಡಲೆಕಾಳಿನ ಗಾತ್ರದ ತುಂಡುಗಳು ಚೆನ್ನಾಗಿ ಕೆಲಸ ಮಾಡುತ್ತವೆ, ಪುಡಿಯಾದರೆ ಒಮ್ಮೆಲೇ ಅನಿಲ ಕೊಟ್ಟು ಮುಗಿಯುತ್ತದೆ. ಬೆಳ್ಳುಳ್ಳಿಯಂಥ ವಾಸನೆ ಬರುವುದು ಅಸಿಟಿಲೀನಿನದಲ್ಲ, ಕಾರ್ಬೈಡಿನ ಕಲ್ಮಶದಿಂದ ಹುಟ್ಟುವ ಫಾಸ್ಫೀನಿನಂಥ ಅನಿಲಗಳದು. ದೀಪ ಸೋರುತ್ತಿದೆ ಎಂದು ತಿಳಿಯಲು ಮೂಗೇ ಸಾಕು. ಆದರೂ ಹಚ್ಚುವ ಮೊದಲು ಬರ್ನರನ್ನು ಬೆರಳಿನಿಂದ ಒತ್ತಿ, ಬೆಸುಗೆಗಳಿಗೆಲ್ಲ ಸೋಪಿನ ನೊರೆ ಹಚ್ಚಿ ನೋಡುತ್ತೇನೆ. ಸುಮಾರು 3 ಗಂಟೆ ಉರಿದ ಮೇಲೆ ಬಟ್ಟಲನ್ನು ತೆಗೆದಾಗ ಒಳಗೆ ಒಣಗಿದ, ಬೂದಿಬಣ್ಣದ ಪುಡಿ ಇದ್ದರೆ ನೀರಿನ ಹದ ಸರಿಯಾಗಿತ್ತೆಂದು ಅರ್ಥ; ಕೆಸರಿದ್ದರೆ ಕವಾಟದ ಪೀಠ ಸವೆದಿದೆ, ಅದನ್ನು ಮತ್ತೆ ಉಜ್ಜಿ ಕೂರಿಸಬೇಕು. ಆ ಪುಡಿಯನ್ನು ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿಡಬಾರದು. ತುಂಡುಗಳ ನಡುವೆ ಬೆಂದಿರದ ಕಾರ್ಬೈಡ್ ಉಳಿದಿರುವುದರಿಂದ ಅನಿಲ ಹುಟ್ಟುತ್ತಲೇ ಇರುತ್ತದೆ. ನಾನು ಅದನ್ನು ಬಕೆಟ್ ನೀರಿಗೆ ಸುರಿದು, ಗುಳ್ಳೆ ಪೂರ್ತಿ ನಿಲ್ಲುವವರೆಗೆ ಬಯಲಿನಲ್ಲಿ, ಬೆಂಕಿಯಿಂದ ದೂರ ಇಟ್ಟು, ಮರುದಿನ ತಳದಲ್ಲಿ ಇಳಿದ ಸುಣ್ಣವನ್ನು ಬೇರ್ಪಡಿಸುತ್ತೇನೆ.