16ಕೆ ಸ್ಪೆಕ್ಟ್ರಮ್‌ನ 48ಕೆ ಮಾಡೋದು ಹೇಗೆ: ಪವರ್ ಮೊದಲು, ಮೆಮೊರಿ ಆಮೇಲೆ

1982ರ ಸಿಂಕ್ಲೇರ್ ಝಡ್‌ಎಕ್ಸ್ ಸ್ಪೆಕ್ಟ್ರಮ್ ಅನ್ನೋ ಮನೆ ಕಂಪ್ಯೂಟರ್, ಅದೇ ರಬ್ಬರ್ ಕೀ ಇರೋದು, ಕೈಗೆ ಸಿಕ್ಕಿದ ತಕ್ಷಣ ಎಲ್ಲರಿಗೂ ಮೆಮೊರಿನ 16ಕೆ (ಕಿಲೋಬೈಟ್) ಇಂದ 48ಕೆಗೆ ಜಾಸ್ತಿ ಮಾಡ್ಬೇಕು, ಎಸ್‌ಡಿ ಕಾರ್ಡ್ ಸಿಕ್ಕಿಸ್ಬೇಕು ಅನ್ಸತ್ತೆ. ಸ್ವಲ್ಪ ತಡೀರಿ. ನಲವತ್ತು ವರ್ಷ ದಾಟಿರೋ ಬೋರ್ಡು, ವೋಲ್ಟೇಜ್ ಸರಿ ಇಲ್ದೆ ಹೊಸ ಚಿಪ್ ಹಾಕಿದ್ರೆ ಹಳೇದರ ಜೊತೆ ಹೊಸದೂ ಹೋಗತ್ತೆ.

ಮೊದಲು ಅಡಾಪ್ಟರ್. 9 ವೋಲ್ಟ್ ಡಿಸಿ, ಆದ್ರೆ ಒಳಗಿನ ಪಿನ್ ಮೈನಸ್, ಹೊರಗಿನ ಸುತ್ತು ಪ್ಲಸ್. ಈಗ ಸಿಗೋ ಅಡಾಪ್ಟರ್‌ಗಳು ಹೆಚ್ಚಾಗಿ ಇದಕ್ಕೆ ಉಲ್ಟಾ, ಪ್ಲಗ್ ಸೈಜ್ ಕೂತ್ಕೊಳ್ತು ಅಂತ ಚುಚ್ಚಿಬಿಡ್ಬೇಡಿ, ಮಲ್ಟಿಮೀಟರ್‌ನಲ್ಲಿ ನೋಡಿ ಆಮೇಲೆ ಹಾಕಿ.

ಕೆಳಗಡೆ ಐದು ಸ್ಕ್ರೂ ಬಿಚ್ಚಿದ್ರೆ ಮೇಲಿನ ಮುಚ್ಚಳ ಬರತ್ತೆ, ಜೋರಾಗಿ ಎಳೀಬೇಡಿ, ಕೀಬೋರ್ಡ್‌ನ ಎರಡು ಪ್ಲಾಸ್ಟಿಕ್ ಪಟ್ಟಿ ಬೋರ್ಡಿಗೆ ಸಿಕ್ಕಿಸಿರತ್ತೆ. ಇಷ್ಟು ವರ್ಷಕ್ಕೆ ಅವು ಒಣಗಿ ಹಪ್ಪಳ ಆಗಿರ್ತವೆ. ನೇರವಾಗಿ ಮೇಲಕ್ಕೆ ನಿಧಾನ ಎತ್ತಿ. ಆದ್ರೂ ಮುರೀತಾ, ಬೇಜಾರು ಬೇಡ, ಹೊಸ ಮೆಂಬ್ರೇನ್ ಇವತ್ತಿಗೂ ತಯಾರಾಗ್ತಿದೆ.

ಈಗ ಮುಖ್ಯ ಕೆಲಸ. ಐಸಿ6ರಿಂದ ಐಸಿ13ರವರೆಗೆ ಎಂಟು 4116 ರ‍್ಯಾಮ್ (ಮೆಮೊರಿ) ಚಿಪ್ ಇದ್ಯಲ್ಲ, ಅದೇ ಮೊದಲಿನ 16ಕೆ. ಇವಕ್ಕೆ ಮೂರು ವೋಲ್ಟೇಜ್ ಬೇಕು. ಪವರ್ ಆನ್ ಮಾಡಿ ಮೀಟರ್ ಕಪ್ಪು ವೈರ್ ಗ್ರೌಂಡಿಗೆ ಇಟ್ಟು ಅಳೀರಿ: ಪಿನ್ 1ರಲ್ಲಿ ಮೈನಸ್ 5, ಪಿನ್ 8ರಲ್ಲಿ 12, ಪಿನ್ 9ರಲ್ಲಿ 5 ಬರ್ಬೇಕು. ಪ್ರೋಬ್ ಜಾರಿ ಪಕ್ಕದ ಪಿನ್ ತಾಗಿದ್ರೆ ಚಿಪ್ ಸುಡಬಹುದು, ಕೈ ಗಟ್ಟಿ ಇರ್ಲಿ. 12, ಮೈನಸ್ 5 ಇಲ್ಲ ಅಂದ್ರೆ ತಕ್ಷಣ ಆಫ್ ಮಾಡಿ, ಮೈನಸ್ 5 ಇಲ್ದೆ ಓಡಿಸಿದ್ರೆ 4116 ಸಾಯತ್ತೆ. ಟಿಆರ್4 ಅನ್ನೋ ಟ್ರಾನ್ಸಿಸ್ಟರ್ ಮೇಲೆ ಮೊದಲ ಅನುಮಾನ. ಆದ್ರೆ ಅದು ಯಾಕೆ ಹೋಯ್ತು ಅಂತ ನೋಡ್ದೆ ಬರೀ ಅದನ್ನ ಬದಲಾಯಿಸಿದ್ರೆ ಮತ್ತೆ ಸುಡಬಹುದು, ಎಲ್ಲೋ ಒಂದು ರ‍್ಯಾಮ್ ಚಿಪ್ ಶಾರ್ಟ್ ಆಗಿ ಕೂತಿರತ್ತೆ.

ಬಿಚ್ಚಿದ್ದೀರಲ್ಲ, ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಎಲ್ಲಾ ಬದಲಾಯಿಸಿಬಿಡಿ, ತೆಗೆಯೋ ಮುಂಚೆ ಯಾವ್ದು ಯಾವ ದಿಕ್ಕಿಗಿತ್ತು ಅಂತ ಫೋಟೋ ತೆಗೆದಿಟ್ಕೊಳ್ಳಿ. ಅಲ್ಯುಮಿನಿಯಂ ಹೀಟ್‌ಸಿಂಕ್ ಮೇಲೆ ಕೂತಿರೋ 7805 ರೆಗ್ಯುಲೇಟರ್ ಉಳಿಕೆ ವೋಲ್ಟೇಜನ್ನೆಲ್ಲ ಬಿಸಿ ಮಾಡಿ ಕಳೆಯತ್ತೆ, ಅದಕ್ಕೇ ಕೀಬೋರ್ಡ್ ಅಷ್ಟು ಬೆಚ್ಚಗಾಗೋದು. ಅದರ ಜಾಗಕ್ಕೆ ಅದೇ ಮೂರು ಕಾಲಿನ ಸ್ವಿಚಿಂಗ್ ರೆಗ್ಯುಲೇಟರ್ ಸಿಗತ್ತೆ. ನನ್ನ ಕೇಳಿದ್ರೆ ಇಡೀ ಅಪ್‌ಗ್ರೇಡ್‌ನಲ್ಲಿ ಅತಿ ಹೆಚ್ಚು ಉಪಯೋಗ ಇದರದ್ದೇ.

ಇನ್ನು ಮೆಮೊರಿ. ಬೋರ್ಡಿನ ಆವೃತ್ತಿಗೆ ಇಶ್ಯೂ ಅಂತಾರೆ. ಇಶ್ಯೂ 1 ಬೋರ್ಡಿಗೆ ಬೇರೆ ಪುಟ್ಟ ಬೋರ್ಡ್ ಬೇಕು, ಅದರ ಕಥೆ ಬೇರೆ. ಇಶ್ಯೂ 2, 3ರಲ್ಲಿ ಐಸಿ15ರಿಂದ ಐಸಿ22 ಜಾಗ ಖಾಲಿ ಇರತ್ತೆ. ಮೂಲದಲ್ಲಿ ಇಲ್ಲಿ ಹಾಕ್ತಿದ್ದದ್ದು 4532, ಅಂದ್ರೆ ಒಂದು ಅರ್ಧ ಕೆಟ್ಟಿದ್ದ 64 ಕಿಲೋಬಿಟ್ ಚಿಪ್‌ನ ಒಳ್ಳೇ ಅರ್ಧ ಮಾತ್ರ ಬಳಸೋದು, ಖರ್ಚು ಉಳಿಸೋಕೆ ಸಿಂಕ್ಲೇರ್ ತಲೆ ಓಡಿಸಿದ್ದು ನೋಡಿ. ಈಗ ನಾವು ಪೂರ್ತಿ ಚೆನ್ನಾಗಿರೋ 4164 ಎಂಟು ಹಾಕೋದು, 150 ನ್ಯಾನೋಸೆಕೆಂಡ್‌ದು ಸಾಕು. ಜೊತೆಗೆ ನಾಲ್ಕು ಲಾಜಿಕ್ ಚಿಪ್: ಐಸಿ23ಕ್ಕೆ 74ಎಲ್‌ಎಸ್32, ಐಸಿ24ಕ್ಕೆ 74ಎಲ್‌ಎಸ್00, ಐಸಿ25, 26ಕ್ಕೆ 74ಎಲ್‌ಎಸ್157. ಯಾವ ಅರ್ಧ ಬಳಸ್ಬೇಕು ಅಂತ ಹೇಳೋ ಒಂದು ವೈರ್ ಲಿಂಕ್ ಇರತ್ತೆ, 4164ಗೆ ಯಾವ ಕಡೆ ಆದ್ರೂ ನಡೆಯತ್ತೆ ಆದ್ರೆ ಒಂದು ಕಡೆ ಇರ್ಲೇಬೇಕು. ಚಿಪ್ ನೇರ ಬೆಸುಗೆ ಹಾಕ್ಬೇಡಿ, ಸಾಕೆಟ್ ಹಾಕಿ. ತೂತಲ್ಲಿ ಹಳೇ ಬೆಸುಗೆ ತುಂಬಿದ್ರೆ ಸ್ವಲ್ಪ ಹೊಸದು ಸೇರಿಸಿ ಕರಗಿಸಿ ಎಳೀರಿ, ಬಿಸಿ ಜಾಸ್ತಿ ಕೊಟ್ರೆ ತಾಮ್ರದ ಗೆರೆ ಎದ್ದು ಬರತ್ತೆ. ಸಾಕೆಟ್ ಹಾಕಿದ್ಮೇಲೆ, ಚಿಪ್ ಕೂರಿಸೋ ಮುಂಚೆ ಪಿನ್ 8ರಲ್ಲಿ 5 ವೋಲ್ಟ್ ಬರ್ತಿದ್ಯಾ ನೋಡಿ, 12 ಅಲ್ಲ.

ಎಲ್ಲಾ ಕೂರಿಸಿ ಆನ್ ಮಾಡಿ, ಬೇಸಿಕ್‌ನಲ್ಲಿ ಪ್ರಿಂಟ್ ಪೀಕ್ 23732+256*ಪೀಕ್ 23733 ಅಂತ ಕೊಡಿ. 65535 ಬಂದ್ರೆ 48ಕೆ ಪೂರ್ತಿ ಸಿಕ್ತು. 32767 ಬಂದ್ರೆ ಮೇಲಿನ ಮೆಮೊರಿ ಕಾಣ್ತಾನೇ ಇಲ್ಲ, ಲಿಂಕು, ಆ ನಾಲ್ಕು ಲಾಜಿಕ್ ಚಿಪ್ಪು, ಮಡಚಿಕೊಂಡ ಪಿನ್ನು ನೋಡಿ. ಇವೆರಡರ ನಡುವಿನ ಯಾವ್ದೋ ನಂಬರ್ ಬಂದ್ರೆ ಒಂದು 4164 ಕೆಟ್ಟಿರೋ ಸಾಧ್ಯತೆ ಜಾಸ್ತಿ.

ವಿಡಿಯೋ ಕೆಲಸ ಸುಲಭ. ಟಿವಿ ಮಾಡ್ಯುಲೇಟರ್ ಡಬ್ಬಿಗೆ ಹೋಗೋ ಎರಡು ವೈರ್ ಬಿಚ್ಚಿ, ಒಳಗೆ ಸಾಕೆಟ್‌ನ ಮಧ್ಯದ ಪಿನ್‌ಗೆ ಬಂದಿರೋ ರೆಸಿಸ್ಟರ್ ಬಿಡಿಸಿ, ವಿಡಿಯೋ ವೈರನ್ನ ನೇರ ಆ ಪಿನ್‌ಗೆ ಕೊಟ್ರೆ ಕಾಂಪೊಸಿಟ್, ಅಂದ್ರೆ ಟಿವಿಯ ಎವಿ ಸಾಕೆಟ್‌ಗೆ ಕೊಡೋ ವಿಡಿಯೋ, ಬರತ್ತೆ. ಐದು ವೋಲ್ಟ್ ವೈರ್‌ಗೆ ಇನ್ಸುಲೇಶನ್ ಟೇಪ್ ಸುತ್ತಿ ಬಿಡಿ.

ಕೊನೇಗೆ ಡಿವ್‌ಎಂಎಂಸಿ, ಅಂದ್ರೆ ಹಿಂದಿನ ಕನೆಕ್ಟರ್‌ಗೆ ಸಿಕ್ಕಿಸಿ ಎಸ್‌ಡಿ ಕಾರ್ಡಿಂದ ಗೇಮ್ ಲೋಡ್ ಮಾಡೋ ಸಾಧನ, ಟೇಪ್‌ನಲ್ಲಿ ಐದು ನಿಮಿಷ ಕಾಯ್ತಿದ್ದದ್ದು ಕ್ಷಣದಲ್ಲಿ ಬರತ್ತೆ. ಹಿಂದಿನ ಕನೆಕ್ಟರ್‌ಗೆ ಯಾವತ್ತೂ ಪವರ್ ಇದ್ದಾಗ ಸಿಕ್ಕಿಸ್ಬೇಡಿ, ತೆಗೀಬೇಡಿ, ಸ್ವಲ್ಪ ಓರೆ ಆದ್ರೂ ವೋಲ್ಟೇಜ್ ಎಲ್ಲೆಲ್ಲೋ ಹೋಗಿ ಪ್ರೊಸೆಸರ್ ತನಕ ಸುಡಬಹುದು. ಈ ಮೆಷಿನ್‌ಗೆ ಆನ್ ಆಫ್ ಸ್ವಿಚ್ಚೇ ಇಲ್ಲ, ಹಾಗಾಗಿ ಅಡಾಪ್ಟರ್ ವೈರ್‌ನಲ್ಲೇ ಒಂದು ಸ್ವಿಚ್ ಹಾಕಿಸ್ಕೊಳ್ಳಿ.