ಪರದೆ ನೋಡಿ ಯೋಗ: ಕಣ್ಣಿಗಿಂತ ಕಿವಿಗೆ ಹೆಚ್ಚು ಕೆಲಸ ಕೊಡಿ

ಕೈ ಕಾಲು ನೆಲಕ್ಕೂರಿ ಸೊಂಟ ಮೇಲೆತ್ತುವ ಅಧೋಮುಖ ಶ್ವಾನಾಸನದಲ್ಲಿ ತಲೆ ಎರಡು ತೋಳುಗಳ ನಡುವೆ ಸಡಿಲವಾಗಿ ತೂಗಬೇಕು, ನೋಟ ಕಾಲಿನ ಕಡೆಗಿರಬೇಕು. ವಿಡಿಯೊ ನೋಡುತ್ತ ಮಾಡುವವರ ತಲೆ ಮಾತ್ರ ಆ ಹೊತ್ತಿಗೆ ಸರಿಯಾಗಿ ಫೋನಿನ ಕಡೆ ಹೊರಳಿರುತ್ತದೆ. ಮೈಭಾರ ಕೈ ಮತ್ತು ಭುಜದ ಮೇಲಿರುವಾಗ ಕತ್ತನ್ನು ಎತ್ತಿ ಓರೆಯಾಗಿ ತಿರುಗಿಸಿದರೆ ಮರುದಿನ ಬೆಳಿಗ್ಗೆ ಕತ್ತು ಹಿಡಿದುಕೊಳ್ಳುತ್ತದೆ. ಬೈಗುಳ ಯೋಗಕ್ಕೆ ಬೀಳುತ್ತದೆ. ತಪ್ಪು ಆಸನದ್ದಲ್ಲ, ಪರದೆಯನ್ನು ನೋಡಿಕೊಂಡೇ ಮಾಡಲು ಹೊರಟಿದ್ದು.

ಎದುರಿಗಿರುವ ಗುರು ನಿಮ್ಮ ಮೊಣಕಾಲು ಒಳಕ್ಕೆ ವಾಲಿದ್ದನ್ನು ಕಂಡು ತಿದ್ದುತ್ತಾರೆ. ವಿಡಿಯೊದಲ್ಲಿರುವವರಿಗೆ ನೀವು ಕಾಣುವುದೇ ಇಲ್ಲ. ಮನೆಯಲ್ಲಿ ಕಲಿಯುವಾಗ ಮಾಡಿಕೊಳ್ಳಬೇಕಾದ ಏರ್ಪಾಡುಗಳೆಲ್ಲ ಈ ಒಂದು ಕೊರತೆ ತುಂಬಿಕೊಳ್ಳುವುದಕ್ಕಾಗಿಯೇ.

ಮೊದಲು ವಿಡಿಯೊ ಆರಿಸಿ

ಹಿಂದೆ ಸಮುದ್ರ, ಮುಂದೆ ಹೊಂಬಿಸಿಲು, ನಡುವೆ ಮೈಯನ್ನು ರಬ್ಬರಿನಂತೆ ಮಡಚುವ ವ್ಯಕ್ತಿ: ನೋಡಲು ಚೆಂದ, ಕಲಿಯಲು ಅಲ್ಲ. ವಿಡಿಯೊ ನಿಮಗೆ ಹೊಂದುತ್ತದೆಯೇ ಎಂದು ತಿಳಿಯಲು ಸುಲಭದ ಪರೀಕ್ಷೆಯೊಂದಿದೆ. ಅದನ್ನು ಹಚ್ಚಿ, ಕಣ್ಣು ಮುಚ್ಚಿ ಎರಡು ನಿಮಿಷ ಕೇಳಿ. ಪಾದ ಎಲ್ಲಿಡಬೇಕು, ಭಾರ ಯಾವ ಕಾಲಿನ ಮೇಲೆ, ಉಸಿರು ಒಳಗೋ ಹೊರಗೋ ಎಂಬುದು ಮಾತಿನಿಂದಲೇ ತಿಳಿಯಬೇಕು. ‘ಈಗ ಹೀಗೆ ಮಾಡಿ, ಆಮೇಲೆ ಹೀಗೆ’ ಎಂಬ ಮಾತೇ ಹೆಚ್ಚಿದ್ದರೆ ಬೇರೆಯದನ್ನು ಹುಡುಕಿ.

ಅವಧಿ 20ರಿಂದ 30 ನಿಮಿಷ ಸಾಕು. ಒಂದೊಂದು ಆಸನದಲ್ಲಿ ಕನಿಷ್ಠ ಐದು ಉಸಿರಾಟದಷ್ಟು ನಿಲ್ಲಿಸಬೇಕು, ಆಸನದಿಂದ ಹೊರಬರುವ ಕ್ರಮವನ್ನೂ ಹೇಳಬೇಕು. ಬಗ್ಗಲು ಆಗದವರಿಗೆ ಏನು ಮಾಡಬೇಕೆಂದು ತೋರಿಸದ ವಿಡಿಯೊ, ಶೀರ್ಷಿಕೆಯಲ್ಲಿ ‘ಆರಂಭಿಕರಿಗೆ’ ಎಂದಿದ್ದರೂ, ಆರಂಭಿಕರದ್ದಲ್ಲ.

ಶೈಲಿಯ ಹೆಸರೂ ಒಂದಿಷ್ಟು ಹೇಳುತ್ತದೆ. ‘ಹಠ’ ಎಂದಿದ್ದರೆ ಸಾಮಾನ್ಯವಾಗಿ ನಿಧಾನಗತಿ. ಬಿ.ಕೆ.ಎಸ್. ಅಯ್ಯಂಗಾರ್ ಪದ್ಧತಿಯಲ್ಲಿ ಮರದ ಇಟ್ಟಿಗೆ, ಪಟ್ಟಿ, ಮಡಚಿದ ಕಂಬಳಿಗಳ ಆಸರೆ ಪಡೆದು ಆಸನದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತಾರೆ, ವಿವರಣೆಯೂ ಬಹಳ ನಿಖರ. ಹೀಗಾಗಿ ವಿಡಿಯೊ ಕಲಿಕೆಗೆ ಇದು ಚೆನ್ನಾಗಿ ಒಗ್ಗುತ್ತದೆ. ಪಟ್ಟಾಭಿ ಜೋಯಿಸ್ ಅವರ ಅಷ್ಟಾಂಗ ವಿನ್ಯಾಸ, ಅದರಿಂದ ಕವಲೊಡೆದ ಪವರ್ ಯೋಗ ಇವುಗಳಲ್ಲಿ ಉಸಿರಿಗೊಂದು ಚಲನೆ. ತಪ್ಪಿದ್ದನ್ನು ಗಮನಿಸುವಷ್ಟರಲ್ಲಿ ಮುಂದಿನ ಆಸನ ಬಂದಿರುತ್ತದೆ. ಆರು ತಿಂಗಳು ಬಿಟ್ಟು ನೋಡಿ. ಜೂನ್ 21ರ ಅಂತರರಾಷ್ಟ್ರೀಯ ಯೋಗ ದಿನಕ್ಕೆಂದು ಆಯುಷ್ ಸಚಿವಾಲಯ ರೂಪಿಸಿದ ಸುಮಾರು 45 ನಿಮಿಷಗಳ ಸಾಮಾನ್ಯ ಯೋಗ ಶಿಷ್ಟಾಚಾರವೂ (ಕಾಮನ್ ಯೋಗ ಪ್ರೋಟೊಕಾಲ್) ಇದೆ. ಕೀಲು ಸಡಿಲಿಸುವ ಚಲನೆಗಳಿಂದ ಶುರುವಾಗಿ ನಿಂತು, ಕುಳಿತು, ಬೋರಲು ಮತ್ತು ಅಂಗಾತ ಮಲಗಿ ಮಾಡುವ ಆಸನಗಳು ಅದರಲ್ಲಿ ಕ್ರಮವಾಗಿ ಬರುತ್ತವೆ. ಯಾವುದರ ನಂತರ ಯಾವುದು ಎಂಬ ಅಂದಾಜಿಗೆ ಅದು ಒಳ್ಳೆಯದು.

ಜಾಗ, ಮ್ಯಾಟ್, ಪರದೆ

ನಿಂತು ಎರಡೂ ಕೈ ಅಗಲಿಸಿ ಒಂದು ಸುತ್ತು ತಿರುಗಿ. ಏನೂ ತಾಗದಿದ್ದರೆ ಜಾಗ ಸಾಕು. ಮ್ಯಾಟ್ 4ರಿಂದ 6 ಮಿಲಿಮೀಟರ್ ದಪ್ಪವಿರಲಿ. ಮೆತ್ತಗಿರಲಿ ಎಂದು 10 ಮಿಲಿಮೀಟರಿನದನ್ನು ತಂದರೆ ಒಂಟಿಕಾಲಲ್ಲಿ ನಿಲ್ಲುವ ವೃಕ್ಷಾಸನದಲ್ಲಿ ಪಾದ ಹೂತು ಹಿಮ್ಮಡಿ ಅಲುಗಾಡುತ್ತದೆ. ತಪ್ಪು ನಿಮ್ಮ ಸಮತೋಲನದ್ದು ಎಂದುಕೊಳ್ಳುತ್ತೀರಿ. ಮೊಣಕಾಲು ಊರುವಾಗ ನೋವಾದರೆ ಅಷ್ಟು ಜಾಗಕ್ಕೆ ಮಾತ್ರ ಟವೆಲ್ ಮಡಚಿ ಹಾಕಿ. ಹೊಸ ಮ್ಯಾಟ್ ಜಾರುತ್ತಿದ್ದರೆ ಒದ್ದೆ ಬಟ್ಟೆಯಲ್ಲಿ ಒಂದೆರಡು ಸಲ ಒರೆಸಿ ಒಣಗಿಸಿ. ಇಟ್ಟಿಗೆಗೆ ಬದಲು ದಪ್ಪನೆಯ ಎರಡು ಪುಸ್ತಕ, ಪಟ್ಟಿಗೆ ಬದಲು ಉದ್ದನೆಯ ಟವೆಲ್ ನಡೆಯುತ್ತದೆ. ಗಟ್ಟಿಯಾದ ಕಂಬಳಿಯೊಂದು ಬೇಕೇಬೇಕು.

ಪರದೆಯನ್ನು ನೆಲದ ಮೇಲೆ ಇಡಬೇಡಿ. ಮ್ಯಾಟಿನ ಕಿರಿದಾದ ಅಂಚಿನ ಎದುರು, ಒಂದೂವರೆಯಿಂದ ಎರಡು ಮೀಟರ್ ದೂರದಲ್ಲಿ, ನಿಂತಾಗ ಎದೆಮಟ್ಟಕ್ಕೆ ಬರುವಂತೆ ಇಡಿ. ಫೋನಿಗಿಂತ ಲ್ಯಾಪ್‌ಟಾಪ್ ಅಥವಾ ಟಿವಿ ವಾಸಿ. ವಿಡಿಯೊ ಡೌನ್‌ಲೋಡ್ ಮಾಡಿಕೊಂಡು ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಆಟೊಪ್ಲೇ ಆಫ್ ಮಾಡಿ. ಶವಾಸನದ ಮೂರನೇ ನಿಮಿಷಕ್ಕೆ ಜಾಹೀರಾತು ಅರಚಿದರೆ ಹೇಗಿರುತ್ತದೆ ಎಂದು ಬಲ್ಲವರೇ ಬಲ್ಲರು.

ಭಾರಿ ಊಟವಾಗಿ ಮೂರ್ನಾಲ್ಕು ಗಂಟೆ, ಲಘು ತಿಂಡಿಯಾಗಿ ಎರಡು ಗಂಟೆ ಕಳೆದಿರಲಿ. ಬೆಳಿಗ್ಗೆ ಏಳುತ್ತಲೇ ಮಾಡುವುದಾದರೆ ಮೈ ಬಿಗಿದಿರುತ್ತದೆ ಎಂಬುದು ನೆನಪಿರಲಿ. ಸಂಜೆ ಪಾದಕ್ಕೆ ತಾಗುವ ಬೆರಳು ಬೆಳಿಗ್ಗೆ ಮೊಣಕಾಲಿನ ಕೆಳಗೇ ನಿಂತರೆ ಗಾಬರಿ ಬೇಡ.

ನೋಡಿ, ಕೇಳಿ, ಆಮೇಲೆ ಮಾಡಿ

ಹೊಸ ವಿಡಿಯೊವನ್ನು ಮೊದಲ ದಿನವೇ ಜೊತೆಜೊತೆಗೆ ಮಾಡಲು ಹೋಗಬೇಡಿ. ಮೊದಲು ಕುರ್ಚಿಯಲ್ಲಿ ಕುಳಿತು ಪೂರ್ತಿ ನೋಡಿ. ಪಾದಗಳ ನಡುವಿನ ಅಂತರ, ಮೊಣಕಾಲಿನ ದಿಕ್ಕು ಎರಡನ್ನು ಗಮನಿಸಿದರೆ ಸಾಕು. ಎರಡನೇ ಸಲ ಮ್ಯಾಟ್ ಮೇಲೆ ನಿಂತು, ಆಸನಕ್ಕೊಮ್ಮೆ ನಿಲ್ಲಿಸುತ್ತ ಮಾಡಿ. ವೇಗವನ್ನು 0.75ಕ್ಕೆ ಇಳಿಸಿದರೆ ಸೂಚನೆಗೂ ಮೈಗೂ ತಾಳೆ ಸಿಗುತ್ತದೆ. ಮೂರನೇ ಸಲದಿಂದ ಪರದೆಯನ್ನು ಗೋಡೆಯ ಕಡೆ ತಿರುಗಿಸಿ, ಧ್ವನಿ ಮಾತ್ರ ಕೇಳಿ. ಗೊತ್ತಾಗದಿದ್ದರೆ ಆಸನದಿಂದ ಪೂರ್ತಿ ಹೊರಬಂದು, ನಿಂತು ನೋಡಿ, ಮತ್ತೆ ಆಸನಕ್ಕೆ ಹೋಗಿ. ಆಸನದೊಳಗಿದ್ದುಕೊಂಡೇ ಇಣುಕಬಾರದು.

ಎಡ–ಬಲದ ತಕರಾರು ಎಲ್ಲರಿಗೂ ಬರುತ್ತದೆ. ಎದುರು ನಿಂತವರ ಬಲಗೈ ನಿಮಗೆ ಎಡಕ್ಕೆ ಕಾಣುತ್ತದೆ. ಕೆಲವರು ನಿಮಗೆ ಅನುಕೂಲವಾಗಲೆಂದು ಬಾಯಲ್ಲಿ ‘ಬಲ’ ಎನ್ನುತ್ತ ತಾವು ಎಡ ಎತ್ತುತ್ತಾರೆ. ಹಾಗಾಗಿ ಚಿತ್ರ ಬಿಡಿ, ಮಾತು ಹಿಡಿಯಿರಿ. ಕಾಲು ಅಗಲಿಸಿ ಪಕ್ಕಕ್ಕೆ ಬಾಗುವ ತ್ರಿಕೋನಾಸನದಲ್ಲಿ ಮೊದಲು ಯಾವ ಕಡೆ ಮಾಡಿದರೂ ನಷ್ಟವಿಲ್ಲ. ಎರಡೂ ಕಡೆ ಮಾಡಿದರಾಯಿತು. ಸೂರ್ಯನಮಸ್ಕಾರದಲ್ಲಿ ಮಾತ್ರ ಮೊದಲ ಸುತ್ತಿನಲ್ಲಿ ಹಿಂದಕ್ಕೆ ಹೋದ ಕಾಲು ಯಾವುದೆಂದು ನೆನಪಿಡದಿದ್ದರೆ ಒಂದೇ ಕಾಲಿಗೆ ಎರಡೂ ಸುತ್ತು ಬೀಳುತ್ತದೆ.

ಎಡವುವ ಜಾಗಗಳು

ಮುಂದೆ ಬಗ್ಗುವ ಆಸನಗಳು ಸುಲಭವೆನಿಸುತ್ತವೆ, ಹೆಚ್ಚು ಕೆಡುವುದೂ ಇವೇ. ತೊಡೆಯ ಹಿಂಭಾಗದ ಸ್ನಾಯುಗಳು ಕುಳಿತಾಗ ನೆಲಕ್ಕೆ ಒತ್ತುವ ಪೃಷ್ಠದ ಮೂಳೆಯಿಂದ ಹೊರಟು ಮೊಣಕಾಲು ದಾಟಿ ಕೆಳಗೆ ಅಂಟಿಕೊಂಡಿವೆ. ಮೊಣಕಾಲು ನೆಟ್ಟಗಿಟ್ಟು ಬಗ್ಗಿದಾಗ ಬಿಗಿದ ಈ ಸ್ನಾಯುಗಳು ಕಟಿಯ ಮೂಳೆಯನ್ನು ಮುಂದಕ್ಕೆ ವಾಲಲು ಬಿಡುವುದಿಲ್ಲ. ಕೈ ಪಾದ ಮುಟ್ಟಲೇಬೇಕೆಂಬ ಹಟವಿದ್ದರೆ ಉಳಿದ ದಾರಿ ಒಂದೇ, ಕೆಳಬೆನ್ನು ಗೂನಾಗುವುದು. ಡಿಸ್ಕ್‌ಗಳ ಮೇಲೆ ಹೊರೆ ಬೀಳುವುದು ಆಗಲೇ.

ಪರಿಹಾರ ಮುಜುಗರವಾಗುವಷ್ಟು ಸರಳ. ನಿಂತು ಮುಂದಕ್ಕೆ ಬಗ್ಗುವ ಉತ್ತಾನಾಸನದಲ್ಲಿ ಮೊಣಕಾಲು ಧಾರಾಳವಾಗಿ ಮಡಚಿ, ಹೊಟ್ಟೆ ತೊಡೆಗೆ ತಾಗಲಿ. ಆಮೇಲೆ, ಹೊಟ್ಟೆ ತೊಡೆಯಿಂದ ಬಿಡದಂತೆ, ಕಾಲು ಎಷ್ಟು ನೆಟ್ಟಗಾಗುತ್ತದೋ ಅಷ್ಟೇ ಮಾಡಿ. ಕಾಲು ಚಾಚಿ ಕುಳಿತು ಬಗ್ಗುವ ಪಶ್ಚಿಮೋತ್ತಾನಾಸನಕ್ಕೆ ಕಂಬಳಿಯನ್ನು 5ರಿಂದ 8 ಸೆಂಟಿಮೀಟರ್ ಎತ್ತರಕ್ಕೆ ಮಡಚಿ, ಅದರ ಅಂಚಿನ ಮೇಲೆ ಕುಳಿತು, ಟವೆಲನ್ನು ಪಾದಗಳಿಗೆ ಸುತ್ತಿ ಹಿಡಿಯಿರಿ. ಎಳೆತ ತೊಡೆಯ ನಡುಭಾಗದಲ್ಲಿ ಗೊತ್ತಾಗಬೇಕು. ಪೃಷ್ಠದ ಮೂಳೆಯ ಹತ್ತಿರವೇ ಚುಚ್ಚಿದಂತಾದರೆ ಎಳೆತ ಸ್ನಾಯುವನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜುವಿನ ಮೇಲೆ ಬಿದ್ದಿದೆ ಎಂದರ್ಥ. ಆ ಜಾಗ ಒಮ್ಮೆ ಕೆರಳಿದರೆ ವಾಸಿಯಾಗಲು ತಿಂಗಳುಗಟ್ಟಲೆ ಹಿಡಿಯಬಹುದು, ಆದ್ದರಿಂದ ಅಲ್ಲಿಗೇ ನಿಲ್ಲಿಸಿ.

ಶ್ವಾನಾಸನದಲ್ಲಿ ಹಿಮ್ಮಡಿ ನೆಲಕ್ಕೆ ತಾಗಬೇಕೆಂಬ ಗೀಳು ಬಿಡಿ. ಹಿಮ್ಮಡಿ ಎತ್ತಿ, ಮೊಣಕಾಲು ತುಸು ಮಡಚಿ, ಸೊಂಟವನ್ನು ಹಿಂದಕ್ಕೂ ಮೇಲಕ್ಕೂ ಒಯ್ದು ಬೆನ್ನು ಉದ್ದವಾಗಿಸುವುದು ಮುಖ್ಯ. ಮಣಿಕಟ್ಟು ನೋಯುತ್ತಿದ್ದರೆ ಭಾರವೆಲ್ಲ ಅಂಗೈಯ ಬುಡಕ್ಕೆ ಬಿದ್ದಿರುತ್ತದೆ. ಬೆರಳು ಅಗಲಿಸಿ, ಹೆಬ್ಬೆರಳು ಮತ್ತು ತೋರುಬೆರಳಿನ ಬುಡವನ್ನು ನೆಲಕ್ಕೆ ಒತ್ತಿ. ಆಗಲೂ ನೋವಿದ್ದರೆ ಗೋಡೆಗೆ ಅಂಗೈ ಊರಿ, ನಡು ಬಗ್ಗಿಸಿ ನಿಂತು ಅದೇ ಆಸನ ಮಾಡಬಹುದು.

ಕಾಲು ಅಗಲಿಸಿ ಮುಂದಿನ ಮೊಣಕಾಲು ಮಡಚಿ ನಿಲ್ಲುವ ವೀರಭದ್ರಾಸನದ ಎರಡನೇ ಬಗೆಯಲ್ಲಿ ಆ ಮೊಣಕಾಲು ಕಾಲಿನ ಹೆಬ್ಬೆರಳಿನ ಒಳಗಡೆಗೆ ಕುಸಿಯುತ್ತದೆ. ಕೆಳಗೆ ನೋಡಿದಾಗ ಹೆಬ್ಬೆರಳು ಮೊಣಕಾಲಿನ ಒಳಬದಿಯಲ್ಲಿ ಕಾಣಬೇಕು. ಮೊಣಕಾಲು ಹಿಮ್ಮಡಿಗಿಂತ ತೀರಾ ಮುಂದೆ ಹೋಗುತ್ತಿದ್ದರೆ ಪಾದಗಳ ಅಂತರ ಸಾಲದು, ಒಂದು ಮೀಟರಿಗಿಂತ ತುಸು ಹೆಚ್ಚಿರಲಿ. ತ್ರಿಕೋನಾಸನದಲ್ಲಿ ಕೈ ನೆಲ ಮುಟ್ಟಬೇಕಿಲ್ಲ, ಪುಸ್ತಕವೋ ಕಣಕಾಲೋ ಸಾಕು. ಮೊಣಕಾಲಿನ ಮೇಲೆ ಮಾತ್ರ ಊರಬೇಡಿ. ವೃಕ್ಷಾಸನದಲ್ಲೂ ಅಷ್ಟೇ, ಪಾದ ಮೊಣಕಾಲಿನ ಕೆಳಗೋ ಮೇಲೋ ಇರಲಿ, ಪಕ್ಕಕ್ಕೆ ಒತ್ತುವುದು ಬೇಡ. ನೋಟವನ್ನು ಕದಲದ ಒಂದು ಚುಕ್ಕೆಯ ಮೇಲಿಡಿ. ಪರದೆಯಲ್ಲಿ ಅಲುಗಾಡುವ ಚಿತ್ರ ನೋಡುತ್ತ ಒಂಟಿಕಾಲಲ್ಲಿ ನಿಲ್ಲುವುದು ಕಷ್ಟ.

ಬೋರಲು ಮಲಗಿ ಎದೆ ಎತ್ತುವ ಭುಜಂಗಾಸನದಲ್ಲಿ ತೋಳಿನ ಬಲದಿಂದ ಮೈ ಮೇಲೆತ್ತುವುದೇ ತಪ್ಪು. ಎದ್ದ ಮೇಲೆ ಅಂಗೈಗಳನ್ನು ಒಂದು ಕ್ಷಣ ನೆಲದಿಂದ ಬಿಡಿಸಿ. ಎದೆ ಎಷ್ಟು ಎತ್ತರದಲ್ಲಿ ಉಳಿಯುತ್ತದೋ ಅದೇ ನಿಮ್ಮ ಇವತ್ತಿನ ಭುಜಂಗಾಸನ. ನಾಲ್ಕು ಬೆರಳೇ ಇರಬಹುದು, ಇರಲಿ.

ಉಸಿರಿನ ಲೆಕ್ಕ ಹೆಚ್ಚಿಲ್ಲ. ಮೂಗಿನಿಂದಲೇ ಉಸಿರಾಡಿ, ಎದೆ ತೆರೆಯುವಾಗ ಒಳಗೆ, ಬಗ್ಗುವಾಗ ಹೊರಗೆ. ಉಸಿರು ಕಟ್ಟಿದರೆ, ಬಾಯಿ ತೆರೆದುಕೊಂಡರೆ, ಹಲ್ಲು ಕಚ್ಚಿದರೆ ಶಕ್ತಿ ಮೀರಿದ್ದೀರಿ. ಒಂದು ಹೆಜ್ಜೆ ಹಿಂದೆ ಬನ್ನಿ. ವಿಡಿಯೊದ ಎಣಿಕೆಗೆ ನಿಮ್ಮ ಉಸಿರು ಹೊಂದದಿದ್ದರೆ ಬಿಡಬೇಕಾದದ್ದು ಎಣಿಕೆಯನ್ನು.

ನಿಮ್ಮದೇ ವಿಡಿಯೊ ತೆಗೆದುಕೊಳ್ಳಿ

ತಿದ್ದುವ ಕಣ್ಣಿಲ್ಲ ಎಂದೆವಲ್ಲ, ಆ ಕಣ್ಣು ನಿಮ್ಮ ಫೋನಿನಲ್ಲೇ ಇದೆ. ವಾರಕ್ಕೊಮ್ಮೆ, ಎರಡೇ ಎರಡು ಆಸನ ಚಿತ್ರೀಕರಿಸಿ. ಫೋನ್ ಸೊಂಟದ ಎತ್ತರದಲ್ಲಿ, ಎರಡರಿಂದ ಮೂರು ಮೀಟರ್ ದೂರದಲ್ಲಿರಲಿ; ನೆಲದ ಮೇಲಿಟ್ಟರೆ ಕೋನಗಳೇ ತಪ್ಪಾಗಿ ಕಾಣುತ್ತವೆ. ಮುಂದೆ ಬಗ್ಗುವ ಆಸನಗಳನ್ನು ಪಕ್ಕದಿಂದ, ವೀರಭದ್ರಾಸನವನ್ನು ಮಡಚಿದ ಮೊಣಕಾಲಿನ ಎದುರಿನಿಂದ ತೆಗೆಯಿರಿ. ಗುರುವಿನ ಚಿತ್ರದ ಜೊತೆ ಹೋಲಿಸಬೇಡಿ. ನೋಡಬೇಕಾದದ್ದು ಮೂರು: ಬೆನ್ನು ಗೂನಾಗಿದೆಯೇ, ಮೊಣಕಾಲು ಒಳಕ್ಕೆ ವಾಲಿದೆಯೇ, ಭುಜ ಕಿವಿಗೆ ಏರಿದೆಯೇ. ನೆಟ್ಟಗಿದ್ದೇನೆ ಎಂದು ನಂಬಿದ್ದ ಬೆನ್ನು ಚಿತ್ರದಲ್ಲಿ ಬಿಲ್ಲಿನಂತಿರುವುದು ಮಾಮೂಲು.

ಪರದೆ ನೋಡಿ ಕಲಿಯಬಾರದ್ದು

ಶೀರ್ಷಾಸನ, ಸರ್ವಾಂಗಾಸನ, ಹಲಾಸನ ಈ ಪಟ್ಟಿಯಲ್ಲಿ ಮೊದಲಿವೆ. ಮೈಯ ಭಾರ ಕತ್ತಿನ ಕಡೆ ಜರುಗುವ ಈ ಆಸನಗಳಲ್ಲಿ ತಪ್ಪು ತಿಳಿಯುವ ಹೊತ್ತಿಗೆ ತಡವಾಗಿರುತ್ತದೆ. ರಭಸದಿಂದ ಉಸಿರಾಡುವ ಭಸ್ತ್ರಿಕಾ, ಕಪಾಲಭಾತಿ, ಉಸಿರು ಹಿಡಿದಿಡುವ ಕುಂಭಕವನ್ನೂ ಎದುರಿಗಿರುವ ಗುರುವಿನಿಂದಲೇ ಕಲಿಯಿರಿ. ವಿಡಿಯೊದಲ್ಲಿ ಅವು ಬಂದಾಗ ಸುಮ್ಮನೆ ಕುಳಿತು ಸಹಜವಾಗಿ ಉಸಿರಾಡಿದರೆ ಏನೂ ಕಳೆದುಕೊಳ್ಳುವುದಿಲ್ಲ. ಅಧಿಕ ರಕ್ತದೊತ್ತಡ, ಡಿಸ್ಕ್ ತೊಂದರೆ, ಇತ್ತೀಚಿನ ಶಸ್ತ್ರಚಿಕಿತ್ಸೆ ಇದ್ದವರು ಮತ್ತು ಗರ್ಭಿಣಿಯರು ಮೊದಲು ವೈದ್ಯರನ್ನು ಕೇಳಬೇಕು. ಗ್ಲಾಕೋಮಾ ಇರುವವರಿಗೆ ಶ್ವಾನಾಸನದಂಥ ತಲೆ ಕೆಳಗಾಗುವ ಆಸನವೂ ಸಲ್ಲದು, ಕಣ್ಣಿನೊಳಗಿನ ಒತ್ತಡ ಏರುತ್ತದೆ. ಕೀಲಿನಲ್ಲಿ ಚುಚ್ಚುವ ನೋವು, ಜೋಮು, ತಲೆಸುತ್ತು ಕಂಡರೆ ಯಾರಾದರೂ ಆಸನ ಬಿಡಬೇಕು.

ಎಷ್ಟು ದಿನ, ಎಷ್ಟು ಹೊತ್ತು

ಮೊದಲೆರಡು ವಾರ ವಾರಕ್ಕೆ ನಾಲ್ಕು ದಿನ, 15ರಿಂದ 20 ನಿಮಿಷ. ವಿಡಿಯೊ ಒಂದೇ. ಹತ್ತು ವಿಡಿಯೊಗಳನ್ನು ಒಂದೊಂದು ಸಲ ಮಾಡಿದವರಿಗಿಂತ ಒಂದನ್ನು ಹತ್ತು ಸಲ ಮಾಡಿದವರ ಮೈ ಬೇಗ ಕಲಿಯುತ್ತದೆ. ಮುಂದೇನು ಎಂದು ಗೊತ್ತಿದ್ದಾಗಲೇ ಪಾದ, ಉಸಿರುಗಳ ಕಡೆ ಗಮನ ಹೋಗುವುದು. ಮೂರನೇ ವಾರ 25 ನಿಮಿಷಕ್ಕೆ ಏರಿಸಿ, ಎರಡು ಸುತ್ತು ಸೂರ್ಯನಮಸ್ಕಾರ ಸೇರಿಸಿ. 12 ಸ್ಥಿತಿಗಳನ್ನು ಬಿಡಿಬಿಡಿಯಾಗಿ ಕಲಿತ ಮೇಲೆ ಜೋಡಿಸಿ, ಹಿಂದಕ್ಕೆ ಜಿಗಿಯದೆ ಒಂದೊಂದೇ ಕಾಲು ಇಡಿ. ಮಾತಿಲ್ಲದೆಯೂ ಅನುಕ್ರಮ ನೆನಪಿಗೆ ಬಂದು, ನಿಮ್ಮ ಚಿತ್ರೀಕರಣದಲ್ಲಿ ಬೆನ್ನು ನೆಟ್ಟಗೆ ಕಂಡರೆ ಮುಂದಿನ ವಿಡಿಯೊಗೆ ಹೋಗಬಹುದು. ಆ ಹೊತ್ತಿಗೆ ಒಬ್ಬ ಶಿಕ್ಷಕರ ಎದುರು ಒಂದೇ ಒಂದು ದಿನ ಮಾಡಿ ತೋರಿಸಿದರೂ ತಿಂಗಳ ತಪ್ಪುಗಳು ಒಟ್ಟಿಗೆ ಹೊರಬೀಳುತ್ತವೆ.

ಕೊನೆಯ ಐದು ನಿಮಿಷ ಶವಾಸನಕ್ಕೆ ಮೀಸಲು. ವಿಡಿಯೊದಲ್ಲಿ ಒಂದೇ ನಿಮಿಷ ಕೊಟ್ಟಿದ್ದರೆ ಅದನ್ನು ನಿಲ್ಲಿಸಿ ಟೈಮರ್ ಇಟ್ಟುಕೊಳ್ಳಿ. ಕೆಳಬೆನ್ನು ನೆಲ ಬಿಟ್ಟು ಬಿಗಿದಂತಿದ್ದರೆ ಕಂಬಳಿಯನ್ನು ಸುರುಳಿ ಸುತ್ತಿ ಮೊಣಕಾಲಡಿ ಇಡಿ. ಏಳುವಾಗ ನೇರವಾಗಿ ಏಳಬೇಡಿ. ಮೊಣಕಾಲು ಮಡಚಿ, ಬಲಮಗ್ಗುಲಿಗೆ ಹೊರಳಿ, ನಾಲ್ಕೈದು ಉಸಿರು ಅಲ್ಲೇ ಇದ್ದು, ಎಡಗೈ ನೆಲಕ್ಕೆ ಊರಿ ಮೇಲೇಳಿ. ತಲೆ ಎಲ್ಲಕ್ಕಿಂತ ಕೊನೆಗೆ ಬರಲಿ, ಫೋನ್ ಅದಕ್ಕಿಂತಲೂ ಆಮೇಲೆ.